ಒಂದೇ ರಿಲೇ ಸಾಕು

ಶನಿವಾರ ಸಂಜೆ ಆರು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಎಲ್ಲ ಕೆಟ್ಟಿತು ಎಂದು ನನ್ನ ಹೆಂಡತಿಯ ತಮ್ಮ ಉಮೇಶ ಇಂದಿಗೂ ಹೇಳುತ್ತಾನೆ. ಅವನ ಗಡಿಯಾರ ಸರಿಯಾಗಿಯೇ ಇದೆ, ಲೆಕ್ಕ ಮಾತ್ರ ಏಳು ಗಂಟೆ ತಡ. ಕೆಡಲು ಶುರುವಾದದ್ದು ಅದೇ ದಿನ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಸಾಗರದ ಒಂದು ವೈರಿಂಗ್ ಅಂಗಡಿಯ ಮುಂದೆ. ಆಗ ನಾನು, "ಒಂದು ಪೆನ್ನು ಕೊಡು ಇಲ್ಲಿ" ಎಂದೆ. ಪೆನ್ನು ಕೇಳುವ ಮೇಷ್ಟರಿಗಿಂತ ಅಪಾಯದ ಪ್ರಾಣಿ ನಮ್ಮ ಕಡೆಯ ಕಾಡಿನಲ್ಲಿ ಇಲ್ಲ. ಕಾಳಿಂಗ ಸರ್ಪವಾದರೂ ಮೊದಲು ಹೆಡೆಯೆತ್ತಿ ಸೂಚನೆ ಕೊಡುತ್ತದೆ.

ನಾನು ತೀರ್ಥಹಳ್ಳಿಯಲ್ಲಿ ಇಪ್ಪತ್ತು ವರ್ಷಗಳಿಂದ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಹೇಳುತ್ತಿದ್ದೇನೆ. ವಿದ್ಯುತ್ತಿನ ಬಗ್ಗೆ ಎರಡು ಗಂಟೆ ಮಾತನಾಡಬಲ್ಲೆ. ಮನೆಯಲ್ಲಿ ಬಲ್ಬು ಹೋದರೆ ಹೆಂಡತಿ ಗೀತಾ ಸ್ಟೂಲು ಹತ್ತಿ ಬದಲಾಯಿಸುತ್ತಿದ್ದಳು, ನಾನು ಸ್ಟೂಲು ಹಿಡಿದುಕೊಂಡು ಬಲ್ಬು ಏಕೆ ಹೋಯಿತೆಂದು ವಿವರಿಸುತ್ತಿದ್ದೆ. ಒಮ್ಮೆ ವಿವರಣೆಯ ಭರದಲ್ಲಿ ಸ್ಟೂಲಿನಿಂದ ಕೈ ತೆಗೆದು ಗಾಳಿಯಲ್ಲಿ ಚಿತ್ರ ಬರೆದೆ. ಅಂದಿನಿಂದ ಸ್ಟೂಲು ಹಿಡಿಯಲು ಗೀತಾ ಪಕ್ಕದ ಮನೆಯವರನ್ನು ಕರೆಯುತ್ತಾಳೆ. ಇಷ್ಟು ಅನುಭವವಿದ್ದ ಹೆಂಗಸು ತನ್ನ ಸ್ವಂತ ತಮ್ಮನಿಗೆ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

ಉಮೇಶನದು ಹೊಸನಗರ. ಊರಿನ ಹೊರಗೆ ಜಂಬಿಟ್ಟಿಗೆ ಕಲ್ಲು ಕಡಿದು ಬಿಟ್ಟ ಹಳೆಯ ಕ್ವಾರಿಯೊಂದನ್ನು ಗೇಣಿಗೆ ಹಿಡಿದು, ಅಲ್ಲಿ ಪ್ರವಾಸಿಗರನ್ನು ಎಟಿವಿಯ ಮೇಲೆ ಸುತ್ತಿಸುವ ವ್ಯಾಪಾರ ಶುರುಮಾಡಿದ್ದ. ಎಟಿವಿ ಎಂದರೆ ಬೈಕಿನ ಸೀಟಿಗೂ ಹ್ಯಾಂಡಲ್ಲಿಗೂ ನಾಲ್ಕು ದಪ್ಪ ಚಕ್ರ ಸಿಕ್ಕಿಸಿದ ಬಂಡಿ. ಕಲ್ಲು, ಕೆಸರು, ಹೊಂಡ ಯಾವುದನ್ನೂ ಲೆಕ್ಕಿಸುವುದಿಲ್ಲ. ಬಾಗಿಲು ಮುಚ್ಚಿದ ಯಾವುದೋ ರೆಸಾರ್ಟಿನಿಂದ ಅವನು ತಂದದ್ದರ ಹೆಡ್‌ಲೈಟು ಮಾತ್ರ ಮಿಣುಕುಹುಳದ ಸಂಬಂಧಿಯಂತಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಮಂಜು ಇಳಿದರೆ ನಾಲ್ಕು ಗಂಟೆಗೇ ಕತ್ತಲು. ಹಾಗಾಗಿ ದೊಡ್ಡ ಎಲ್‌ಇಡಿ ಲೈಟು, ಅದರ ಜೊತೆಗೆ ಬಸ್ಸಿನವರು ಹಾಕಿಸುವಂಥ ದೊಡ್ಡ ಹಾರ್ನು, ಎರಡನ್ನೂ ಹಾಕಿಸಬೇಕೆಂದು ಬಂಡಿಯನ್ನು ಪಿಕಪ್ಪಿಗೆ ಏರಿಸಿ ಸಾಗರಕ್ಕೆ ಹೊರಟ. ನಾನು ರಜೆಯೆಂದು ಗೀತಾಳೊಂದಿಗೆ ಅವನ ಮನೆಗೆ ಬಂದಿದ್ದೆ. "ನೀವೂ ಬನ್ನಿ ಭಾವ, ಓದಿದವ್ರು ಒಬ್ರು ಜೊತೇಲಿದ್ರೆ ಒಳ್ಳೇದು" ಎಂದ. ಈ ಮಾತಿಗೆ ಮರುಳಾಗದವನು ಇನ್ನೂ ಹುಟ್ಟಿಲ್ಲ.

ಅಂಗಡಿಯ ಷಣ್ಮುಖ ನನ್ನ ಹಳೆಯ ಶಿಷ್ಯ. ನನ್ನನ್ನು ಕಂಡವನೇ ಕೈಯ ಗ್ರೀಸು ಒರೆಸಿಕೊಂಡು, ಒಂದೇ ಒಂದು ಕುರ್ಚಿಯನ್ನು ನನಗೆ ಹಾಕಿ ತಾನು ನಿಂತೇ ಇದ್ದ. ಲೈಟಿಗೊಂದು, ಹಾರ್ನಿಗೊಂದು ಎಂದು ಎರಡು ರಿಲೇ ತೆಗೆದಿಟ್ಟ. ರಿಲೇ ಎಂದರೆ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ. ಸಣ್ಣ ಸ್ವಿಚ್ಚಿನ ಮಾತು ಕೇಳಿ ದೊಡ್ಡ ಕರೆಂಟನ್ನು ಬಿಡುವುದು ಅದರ ಕೆಲಸ. ಅವನು ತೆಗೆದದ್ದರಲ್ಲಿ ಒಂದಕ್ಕೆ ವೈರು ಸಿಕ್ಕಿಸುವ ಐದು ಕಾಲುಗಳಿದ್ದವು. ನನ್ನೊಳಗಿನ ಮೇಷ್ಟ್ರು ಎದ್ದು ಕುಳಿತದ್ದು ಆಗಲೇ. ಐದು ಕಾಲಿನ ರಿಲೇಯಲ್ಲಿ ಕರೆಂಟು ಹೊರಗೆ ಹೋಗಲು ಎರಡು ಬಾಗಿಲು. ಸುಮ್ಮನಿದ್ದಾಗ ಒಂದು ತೆರೆದಿರುತ್ತದೆ, ಸ್ವಿಚ್ಚು ಒತ್ತಿದರೆ ಇನ್ನೊಂದು ತೆರೆಯುತ್ತದೆ. ಒಂದಕ್ಕೆ ಲೈಟು, ಇನ್ನೊಂದಕ್ಕೆ ಹಾರ್ನು! ಪೆನ್ನು ಕೇಳಿದೆ, ಅವನ ಬಿಲ್ ಪುಸ್ತಕದ ಹಿಂದೆ ಚಿತ್ರ ಬರೆದೆ, ಬಾಣದ ಗುರುತು ಹಾಕಿದೆ. "ಒಂದೇ ರಿಲೇ ಸಾಕು" ಎಂದು ಅಡಿಗೆರೆ ಎಳೆದೆ.

ಷಣ್ಮುಖ ಚಿತ್ರವನ್ನು ಬಹಳ ಹೊತ್ತು ನೋಡಿದ. "ಸಾಕಾ ಸರ್?" ಎಂದ.

"ಯಾಕೆ ಸಾಲದು?" ಎಂದು ಹದಿನೈದು ನಿಮಿಷ ಪಾಠ ಮಾಡಿದೆ.

"ಆಯ್ತು ಸರ್" ಎಂದು ಅವನು ಬಂಡಿಯ ಕೆಳಗೆ ಮಲಗಿದ. ಕೆಲಸ ಮುಗಿದ ಮೇಲೆ ಪರೀಕ್ಷೆಯೂ ನಡೆಯಿತು. ಕೀಲಿ ತಿರುಗಿಸಿದೆವು, ಲೈಟು ಹತ್ತಿತು. ಎಲ್ಲರೂ ಲೈಟು ನೋಡಿದೆವು. ಹಾರ್ನು ಒತ್ತಿದೆವು, ಬೀದಿಯೇ ಅದುರಿತು. ಎಲ್ಲರೂ ಕಿವಿ ಮುಚ್ಚಿಕೊಂಡು ನಕ್ಕೆವು. ಹಾರ್ನು ಹೊಡೆಯುವಾಗ ಲೈಟಿನ ಕಡೆ ನೋಡಬೇಕೆಂದು ಯಾರಿಗೆ ಹೊಳೆಯುತ್ತದೆ?

ಸಂಜೆ ಕ್ವಾರಿಯಲ್ಲಿ ನಾನೂ ಗೀತಾಳೂ ಮೇಲಿನ ದಿಬ್ಬದ ಮೇಲೆ ಕೊಡೆ ಹಿಡಿದು ನಿಂತಿದ್ದೆವು. ಮಂಜು ಎಷ್ಟಿತ್ತೆಂದರೆ ನನ್ನ ಕೊಡೆಯ ತುದಿಯೇ ನನಗೆ ಮಸುಕಾಗಿತ್ತು. ಕೆಳಗಿನ ದಾರಿಯ ಒಂದು ಬದಿ ಗೋಡೆ, ಇನ್ನೊಂದು ಬದಿ ಮಳೆನೀರು ತುಂಬಿದ ಎರಡಾಳು ಆಳದ ಹೊಂಡ. ಆ ಮಂಜಿನಲ್ಲಿ ಉಮೇಶನ ಹೊಸ ಲೈಟು ಬೆಳ್ಳಗೆ, ಭವ್ಯವಾಗಿ ಬರುತ್ತಿತ್ತು. "ಹ್ಯಾಗಿದೆ ನೋಡು" ಎಂದು ಗೀತಾಳಿಗೆ ಹೇಳಿದೆ. ಆಗ ಹಾರ್ನು ಕೇಳಿತು, ಲೈಟು ಹೋಯಿತು. ಹಾರ್ನು ನಿಂತಿತು, ಲೈಟು ಬಂತು. ಮತ್ತೆ ಹಾರ್ನು, ಮತ್ತೆ ಕತ್ತಲು. ರಿಲೇಯ ಒಂದು ಬಾಗಿಲು ತೆರೆದರೆ ಇನ್ನೊಂದು ಮುಚ್ಚಿಕೊಳ್ಳುತ್ತದೆ ಎಂಬುದೊಂದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಮೇಲೆ ತಿಳಿದದ್ದು, ತಿರುವಿನಲ್ಲಿ ಒಂದು ಎಮ್ಮೆ ಮಲಗಿತ್ತು. ಉಮೇಶನಿಗೆ ಎಮ್ಮೆ ಕಂಡರೆ ಹಾರ್ನು ಹೊಡೆಯಬೇಕು, ಹಾರ್ನು ಹೊಡೆದರೆ ಎಮ್ಮೆ ಕಾಣುವುದಿಲ್ಲ. ಗಾಬರಿಯಾದ ಮನುಷ್ಯನ ಹೆಬ್ಬೆರಳು ಎಲ್ಲಿ ಇರುತ್ತದೋ ಅಲ್ಲೇ ಒತ್ತಿ ಹಿಡಿಯುತ್ತದೆ. ಮಂಜಿನೊಳಗೆ ಬೆಳಕಿಲ್ಲದ ಒಂದು ಹಾರ್ನು, ನಿಲ್ಲದೆ ಕೂಗುತ್ತ, ಹೊಂಡದ ಕಡೆಗೆ ಸರಿಯುವುದನ್ನು ನಾನು ಕೇಳುತ್ತ ನಿಂತಿದ್ದೆ. "ತಮ್ಮಾ! ಕೈ ಬಿಡಾ, ಕೈ ಬಿಡಾ!" ಎಂದು ಗೀತಾ ಚೀರಿದಳು.

ಕೈ ಬಿಟ್ಟ. ಬೆಳಕು ಬಂತು. ಮುಂದಿನ ಎಡಚಕ್ರ ಹೊಂಡದ ಮೇಲೆ ಗಾಳಿಯಲ್ಲಿ ತಿರುಗುತ್ತಿತ್ತು. ಎಮ್ಮೆ ಎದ್ದು ಬಂದು ಅದನ್ನು ನೋಡಿ ಹೋಯಿತು.

ಆ ರಾತ್ರಿಯಿಂದ ನನಗೆ ನಿದ್ದೆ ಇಲ್ಲ. ಕಣ್ಣು ಮುಚ್ಚಿದರೆ ಆ ಹಾರ್ನು. ಎದ್ದು ಕೂತರೆ ಗೀತಾ, "ಎಂಥದು ಮಾರಾಯ್ರೆ, ಅವ್ನೇ ಗೊರಕೆ ಹೊಡೀತಿದಾನೆ, ನಿಮ್ಗೆಂಥ ಆಗಿದ್ದು?" ಎನ್ನುವಳು. ಏನಾಗಿದೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಉಮೇಶ ಮರುದಿನವೇ ಹೊಸನಗರದ ಹೋಟೆಲಿನಲ್ಲಿ ಕೂತು, "ಆ ಷಣ್ಮುಖಂಗೆ ವೈರಿಂಗ್ ಎಂಥ ಗೊತ್ತು? ನನ್ನ ಕೊಂದೇ ಹಾಕ್ತಿದ್ದ" ಎಂದು ಸಾರತೊಡಗಿದ್ದ. ನನಗೆ ಫೋನು ಮಾಡಿ, "ಅಲ್ದಾ ಭಾವ?" ಎಂದ. ನಾನು "ಹೂಂ" ಎಂದೆ. ಅದು ಒಪ್ಪಿಗೆಯ ಹೂಂ ಅಲ್ಲ, ಕೇಳಿಸಿಕೊಂಡೆ ಎಂಬ ಹೂಂ ಎಂದು ನನ್ನನ್ನು ನಾನೇ ಸಮಾಧಾನಪಡಿಸಿಕೊಂಡೆ. ಸಮಾಧಾನ ರಾತ್ರಿ ಹನ್ನೆರಡರವರೆಗೆ ಉಳಿಯಿತು. ಹತ್ತು ದಿನದಲ್ಲಿ ಹೊಸನಗರದ ಇಬ್ಬರು ಷಣ್ಮುಖನ ಅಂಗಡಿಯಿಂದ ತಮ್ಮ ಜೀಪುಗಳನ್ನು ಕೆಲಸ ಅರ್ಧಕ್ಕೇ ನಿಲ್ಲಿಸಿ ವಾಪಸು ತಂದರೆಂದು ಸುದ್ದಿ ಬಂತು.

ಕೊನೆಗೆ ಷಣ್ಮುಖನಿಗೇ ಫೋನು ಮಾಡಿದೆ. ಅವನು ಬೈದಿದ್ದರೆ ಹಗುರಾಗುತ್ತಿತ್ತು. "ಪರ್ವಾಗಿಲ್ಲ ಸರ್, ನಿಮ್ ಚಿತ್ರ ನನ್ ಹತ್ರಾನೇ ಐತಿ, ಯಾರಿಗೂ ತೋರ್ಸಿಲ್ಲ" ಎಂದ.

"ತಪ್ಪು ಅಂತ ನಿನಗೆ ಗೊತ್ತಿತ್ತಾ?"

"ಹಾರ್ನ್ ಹೊಡ್ದಾಗ ಲೈಟ್ ಹೋಗ್ತದೆ ಅಂತ ಗೊತ್ತಿತ್ತು ಸರ್. ಒಂದ್ ಸೆಕೆಂಡ್ ಹೋಗಿ ಬರ್ತದೆ, ಅಷ್ಟೇ ಅಲ್ವಾ ಅನ್ಕಂಡೆ. ಮತ್ತೆ ಮೇಷ್ಟ್ರು ಬರ್ದಿದ್ದು ತಪ್ಪು ಅಂತ ಮಕದ ಮೇಲೆ ಹೆಂಗೆ ಹೇಳಾದು?"

ಇಪ್ಪತ್ತು ವರ್ಷ "ಅರ್ಥವಾಗದಿದ್ದರೆ ಕೇಳಿ" ಎಂದು ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ನಾನು ತಪ್ಪಿದರೆ ಹೇಳಿ ಎಂದು ಒಮ್ಮೆಯೂ ಹೇಳಿರಲಿಲ್ಲ.

ಭಾನುವಾರ ಮೊದಲ ಬಸ್ಸಿಗೆ ಹೊಸನಗರಕ್ಕೆ ಹೋದೆ. ಅದೇ ಹೋಟೆಲು, ಅದೇ ಮೂಲೆ, ಉಮೇಶ ಅದೇ ಕಥೆ ಹೇಳುತ್ತಿದ್ದ. ಈಗ ಕಥೆಯಲ್ಲಿ ಎಮ್ಮೆ ಕಾಡುಕೋಣವಾಗಿತ್ತು. ನಾನು ನಿಂತು, ರಿಲೇಯ ತತ್ತ್ವ, ಎರಡು ಬಾಗಿಲು, ಸುರುಳಿ, ಅಯಸ್ಕಾಂತ ಎಂದು ಶುರುಮಾಡಿದೆ. ದೋಸೆ ತಿನ್ನುತ್ತಿದ್ದ ಹಿರಿಯರೊಬ್ಬರು ಕೈ ಅಡ್ಡ ಹಿಡಿದರು.

"ಅದೆಲ್ಲ ಇರ್ಲಿ ಮೇಷ್ಟ್ರೇ. ತಪ್ಪು ಯಾರ್ದು? ರಿಲೇದಾ?"

"ನಂದು" ಎಂದೆ. "ಷಣ್ಮುಖ ಎರಡು ಹಾಕ್ತೀನಿ ಅಂದ. ಒಂದೇ ಸಾಕು ಅಂತ ಬರೆದುಕೊಟ್ಟೋನು ನಾನು."

ಉಮೇಶ ನನ್ನನ್ನೇ ನೋಡಿದ. "ಎಂಥ ಭಾವ ನೀವು! ಇಷ್ಟು ಜನ್ರ ಎದ್ರಿಗೆ ಹೇಳೋದಾ? ಈಗ ನಾನು ಹೋಗಿ ಅವ್ನ ಹತ್ರ ತಪ್ಪಾಯ್ತು ಅನ್ಬೇಕಲ್ಲ!" ಸಾಯಬೇಕಾಗಿದ್ದವನಿಗೆ ಸಾವಿಗಿಂತ ಇದೇ ಕಷ್ಟವಾಗಿ ಕಂಡಿತು. ಆದರೂ ಬಂಡಿಯನ್ನು ಪಿಕಪ್ಪಿಗೆ ಏರಿಸಿದ.

ಸಾಗರದಲ್ಲಿ ಷಣ್ಮುಖ ಅಂಗಡಿ ತೆರೆದು, ಮತ್ತೆ ಕುರ್ಚಿ ಹಾಕಿದ. ಉಮೇಶ ಅವನ ಬೂಟು ನೋಡುತ್ತ ಏನೋ ಗೊಣಗಿದ, ಅವನು "ಬಿಡಿ ಅಣ್ಣ" ಎಂದ. ಆಮೇಲೆ ಸ್ಪ್ಯಾನರ್ ಕೈಗೆತ್ತಿಕೊಂಡು, ನಿಂತು, ತಲೆ ಕೆರೆದುಕೊಂಡ.

"ಏನು ಷಣ್ಮುಖ? ನನಗೆ ಏನಾದರೂ ಹೇಳಬೇಕಾ? ಧೈರ್ಯವಾಗಿ ಹೇಳು."

"ಸರ್, ಬೇಜಾರ್ ಮಾಡ್ಕೋಬಾರ್ದು. ನೀವು ಎದ್ರಿಗೆ ಕೂತ್ರೆ ನಂಗೆ ಕೈ ಓಡಲ್ಲ. ಒಂದ್ ಟೀ ಕುಡ್ದು ಬರ್ತೀರಾ?"

ಎರಡು ಟೀ ಕುಡಿದು ಬಂದೆ. ಅಷ್ಟರಲ್ಲಿ ಎರಡು ರಿಲೇ ಕೂತಿದ್ದವು. ಉಮೇಶ ಹಾರ್ನು ಒತ್ತಿ ಹಿಡಿದ. ಯಾರೂ ಕಿವಿ ಮುಚ್ಚಲಿಲ್ಲ, ಮೂವರೂ ಲೈಟನ್ನೇ ನೋಡುತ್ತ ನಿಂತೆವು. ಅದು ಉರಿಯುತ್ತಲೇ ಇತ್ತು.

ಆ ಭಾನುವಾರ ರಾತ್ರಿ, ಎರಡು ಟೀ ಕುಡಿದೂ, ಹದಿನಾರು ದಿನಗಳ ಮೇಲೆ ಮೊದಲ ಸಲ ಇಡೀ ರಾತ್ರಿ ಮಲಗಿದೆ. ಎಷ್ಟು ಮಲಗಿದೆನೆಂದರೆ ಕಣ್ಣು ಬಿಟ್ಟಾಗ ಸೋಮವಾರ ಹತ್ತು ಗಂಟೆ. ಕಾಲೇಜಿಗೆ ಓಡಿದೆ. ನನ್ನ ಮೊದಲ ಪೀರಿಯಡ್ಡಿನ ಮಕ್ಕಳು ತಾವೇ ಬೋರ್ಡಿನ ಮೇಲೆ ಸರ್ಕ್ಯೂಟಿನ ಲೆಕ್ಕ ಬಿಡಿಸಿಟ್ಟು ಹೋಗಿದ್ದರು. ಚಾಕ್ ಹಿಡಿದು ಒಂದೊಂದೇ ಸಾಲು ಪರೀಕ್ಷಿಸಿದೆ. ಎಲ್ಲ ಸರಿಯಾಗಿತ್ತು. ನಾನು ಇಲ್ಲದೆ ಸರಿಯಾಗಿ ನಡೆದ ಕೆಲಸ, ಎರಡು ದಿನಗಳಲ್ಲಿ ಇದು ಎರಡನೆಯದು.