ಲೆಕ್ಕದ ಮೇಷ್ಟರ ಸಿಗಾರ್ ಕಟರ್

ಹತ್ತೊಂಬತ್ತು ವರ್ಷ ಆ ವಸ್ತುವಿಗೆ ಹೆಸರೇ ಇರಲಿಲ್ಲ. ಅಷ್ಟು ದಿನವೂ ಲೆಕ್ಕದ ಮೇಷ್ಟರು ನೆಮ್ಮದಿಯಾಗಿದ್ದರು. ಅದರ ಹೆಸರು ಗೊತ್ತಾದ ದಿನವೇ ಅವರಿಗೆ ಶನಿ ಹೆಗಲೇರಿತು.

ಅದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಸ್ಟೀಲಿನ ಸಾಮಾನು. ನಡುವೆ ದುಂಡನೆಯ ತೂತು, ಎರಡು ಪಕ್ಕದಲ್ಲಿ ಬೆರಳು ತೂರಿಸಲು ಎರಡು ಬಳೆ. ಬಳೆಗಳನ್ನು ಅದುಮಿದರೆ ಒಳಗಿನಿಂದ ಎರಡು ಅಲಗು ಬಂದು ತೂತಿನಲ್ಲಿದ್ದದ್ದನ್ನು ಕಟಕ್ಕನೆ ತುಂಡರಿಸುತ್ತವೆ. ಹಳೇ ಸಾಮಾನಿನ ಅಂಗಡಿಯ ರಾಶಿಯಲ್ಲಿ ಮೇಷ್ಟರ ಕಣ್ಣಿಗೆ ಬಿದ್ದಾಗ ಅದರ ಪಕ್ಕದಲ್ಲೇ ಒಂದು ಸೀಮೆಸುಣ್ಣದ ಡಬ್ಬವಿತ್ತು. ತೂತಿನೊಳಗೆ ಸೀಮೆಸುಣ್ಣ ಸಲೀಸಾಗಿ ಹೋಯಿತು. ಇದು ಸೀಮೆಸುಣ್ಣ ಕತ್ತರಿಸುವ ಯಂತ್ರವೆಂದು ಅವರು ತೀರ್ಮಾನಿಸಿದರು. ಕೇಳಿದ್ದಕ್ಕೆಲ್ಲ ತಲೆಯಾಡಿಸುವ ಅಂಗಡಿಯವನು ಇದಕ್ಕೂ ತಲೆಯಾಡಿಸಿದ.

ಮೇಷ್ಟರದು ಭಾರದ ಕೈ. ಇಡೀ ಸೀಮೆಸುಣ್ಣ ಹಿಡಿದು ಬರೆದರೆ ಸಮೀಕರಣ ಮುಗಿಯುವ ಮೊದಲೇ ಅದು ಕಿರ್ರೆಂದು ಕೂಗಿ, ನಡು ಮುರಿದು, ಮುಂದಿನ ಬೆಂಚಿನವರ ತಲೆಗೆ ಬೀಳುತ್ತಿತ್ತು. ಅರ್ಧ ತುಂಡು ಕೂಗುವುದಿಲ್ಲ, ಮುರಿಯುವುದೂ ಇಲ್ಲ. ಹಾಗಾಗಿ ಪ್ರತಿದಿನ ಬೆಳಿಗ್ಗೆ ಅವರು ಆರು ಸೀಮೆಸುಣ್ಣ ಕತ್ತರಿಸಿ ಹನ್ನೆರಡು ಮಾಡಿಕೊಂಡೇ ತರಗತಿಗೆ ಹೋಗುತ್ತಿದ್ದರು. ಮನೆಯಲ್ಲೂ ಅದಕ್ಕೆ ಬಿಡುವಿರಲಿಲ್ಲ. ಹುರುಳಿಕಾಯಿಯ ತೊಟ್ಟು, ಹೆಣ್ಣುಮಕ್ಕಳ ಜಡೆಯ ರಿಬ್ಬನ್ನು, ಡಾಕ್ಟರು ಅರ್ಧ ನುಂಗಲು ಹೇಳಿದ ಮಾತ್ರೆ, ಎಲ್ಲಕ್ಕೂ ಅದೇ. ಅಲಗು ಮೊಂಡಾದರೆ ಮೇಷ್ಟರು ಕಲ್ಲಿಗೆ ಉಜ್ಜಿ ಹರಿತ ಮಾಡಿ, ಎಣ್ಣೆ ಹಚ್ಚಿ, ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಳಿಸುತ್ತಿದ್ದರು.

ಹೆಸರು ಗೊತ್ತಾದ ಆ ದಿನ ಸಂಜೆ ನಾಲ್ಕು ಗಂಟೆಗೆ ಶಾಲಾ ಸಮಿತಿಯ ಅಧ್ಯಕ್ಷರು ಬರುವವರಿದ್ದರು. ಎಂಬತ್ತು ಹುಡುಗರ ಹಾಸ್ಟೆಲಿಗೆ ಹೊಸ ವಾರ್ಡನ್ ಆಗಬೇಕಿತ್ತು. ವಾರ್ಡನ್ ಆದವರಿಗೆ ಹಾಸ್ಟೆಲಿನ ಹಿಂದೆ ಎರಡು ಕೋಣೆಯ ಮನೆ ಸಿಗುತ್ತದೆ. ಮೇಷ್ಟರ ಸಂಸಾರ ಹೆಂಡತಿಯ ಅಣ್ಣನ ಮನೆಯ ಮಹಡಿಯಲ್ಲಿ ಒಂದೇ ಕೋಣೆಯಲ್ಲಿತ್ತು. ದೊಡ್ಡ ಮಗಳು ಪರೀಕ್ಷೆಗೆ ಓದುವುದು ಮೆಟ್ಟಿಲ ಮೇಲೆ. ಮೇಲೆ ಹೋಗುವವರು ಕೆಳಗೆ ಬರುವವರೆಲ್ಲ ಅವಳ ಪುಸ್ತಕ ದಾಟಿಯೇ ಓಡಾಡಬೇಕು. ಆ ಮನೆಯೊಂದು ಸಿಕ್ಕರೆ ಅವಳಿಗೆ ಕಿಟಕಿಯ ಬಳಿ ಒಂದು ಮೇಜು ಹಾಕಿಕೊಡಬಹುದು ಎಂಬುದು ಮೇಷ್ಟರ ಬಹುದಿನದ ಆಸೆ. ಸಮಿತಿ ಹಾಕಿದ್ದ ಷರತ್ತು ಒಂದೇ, ವಾರ್ಡನ್‌ಗೆ ಯಾವ ದುಶ್ಚಟವೂ ಇರಕೂಡದು. ಮೇಷ್ಟರು ಕಾಫಿಯನ್ನೂ ಆರಿಸಿ ಕುಡಿಯುವವರು. ಷರತ್ತು ಓದಿ ಅವರಿಗೆ ಹಿಗ್ಗೇ ಆಗಿತ್ತು.

ಬೆಳಿಗ್ಗೆ ಹತ್ತಕ್ಕೆ ಡ್ರಾಯಿಂಗ್ ಮೇಷ್ಟರು ಸ್ಟಾಫ್‌ರೂಮಿನಲ್ಲಿ ಪಕ್ಕಕ್ಕೆ ಬಂದು ಕುಳಿತರು. ಊರವರ ಸುದ್ದಿಯೆಲ್ಲ ಅವರಿಗೆ ಬೇಕು, ಅವರ ಸುದ್ದಿ ಮಾತ್ರ ಯಾರಿಗೂ ಸಿಗದು. ಮೇಷ್ಟರು ಆರನೆಯ ಸೀಮೆಸುಣ್ಣ ಕತ್ತರಿಸುತ್ತಿದ್ದರು. ಡ್ರಾಯಿಂಗ್ ಮೇಷ್ಟರು ಆ ಸಾಮಾನನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

“ಮೇಷ್ಟ್ರೇ, ಇದು ಸಿಗಾರ್ ಕಟರ್ ಅಲ್ವಾ? ನಮ್ಮ ಸೋದರಮಾವನ ಹತ್ರ ಥೇಟ್ ಇಂಥದ್ದೇ ಇತ್ತು. ದಪ್ಪ ಸಿಗಾರಿನ ತುದಿ ಇದರಲ್ಲಿ ಕತ್ತರಿಸಿ ಆಮೇಲೆ ಹಚ್ಚೋರು.”

“ಚಾಕ್‌ಪೀಸ್ ಕತ್ತರಿಸೋದು ಸ್ವಾಮಿ ಇದು,” ಎಂದರು ಮೇಷ್ಟರು.

“ಹೌದೌದು, ಚಾಕ್‌ಪೀಸು,” ಎಂದು ಡ್ರಾಯಿಂಗ್ ಮೇಷ್ಟರು ಎದ್ದು ಹೋದರು. ಆ ‘ಹೌದೌದು’ ಎರಡನೆಯ ಪೀರಿಯಡ್ಡು ಮುಗಿಯುವಷ್ಟರಲ್ಲಿ ಇಡೀ ಶಾಲೆ ಸುತ್ತಿ ಬಂತು.

ಅಲ್ಲಿಂದ ಮುಂದೆ ಮೇಷ್ಟರ ಹತ್ತೊಂಬತ್ತು ವರ್ಷಕ್ಕೆ ಹೊಸ ಅರ್ಥ ಬಂತು. ಅವರು ಕೆಮ್ಮುತ್ತಿದ್ದುದು ಸುಣ್ಣದ ಪುಡಿಗಂತೂ ಅಲ್ಲ ಎಂದರು ವಿಜ್ಞಾನದ ಟೀಚರು. ಅಂಗಿಯ ಮೇಲೆ ಸದಾ ಬೆಳ್ಳಗೆ ಬಿದ್ದಿರುತ್ತಿದ್ದುದು ಬೂದಿ ಇರಬಹುದೇ ಎಂದು ಇನ್ನೊಬ್ಬರು ಶಂಕಿಸಿದರು. ಬಾಯಲ್ಲಿ ಲವಂಗ ಯಾಕೆ? ಹಲ್ಲುನೋವಂತೆ. ಹಲ್ಲುನೋವು ಯಾರಿಗೂ ಬರದ ಕಾಯಿಲೆ ಎನ್ನುವ ಹಾಗೆ ಎಲ್ಲರೂ ಮುಖ ಮುಖ ನೋಡಿಕೊಂಡರು.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಒಂದಿತ್ತು. ತಿಂಗಳಿಂದ ಮೇಷ್ಟರು ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬರೇ ಹಾಸ್ಟೆಲಿನ ಹಿಂದೆ ಹೋಗಿ ಹತ್ತು ನಿಮಿಷ ಬಿಟ್ಟು ಬರುತ್ತಿದ್ದರು. ಅಲ್ಲಿ ಏನು ಮಾಡ್ತೀರಿ ಎಂದು ಹೆಡ್‌ಮೇಡಂ ಅವತ್ತು ಕರೆದು ನೇರವಾಗಿ ಕೇಳಿದರು. ನಿಜಕ್ಕೆ ಮೇಷ್ಟರು ಅಲ್ಲಿ ಖಾಲಿ ಮನೆಯ ಕಿಟಕಿಯಲ್ಲಿ ಇಣುಕಿ ಮೇಜು ಎಲ್ಲಿ ಹಿಡಿಸೀತು ಎಂದು ಗೇಣು ಹಾಕಿ ಅಳೆಯುತ್ತಿದ್ದರು. ಇನ್ನೂ ಸಿಗದ ಮನೆಯನ್ನು ಅಳೆಯುತ್ತಿದ್ದೆ ಎಂದು ಹೇಳಲು ನಾಚಿಕೆಯಾಯಿತು. ಸುಮ್ಮನೆ ಗಾಳಿಗೆ ಹೋಗ್ತೀನಿ ಮೇಡಂ ಎಂದುಬಿಟ್ಟರು. ಮೇಡಂ ಹೆಬ್ಬೆರಳಿನಿಂದ ಕನ್ನಡಕ ಮೇಲೇರಿಸಿ ಅವರನ್ನೇ ನೋಡಿದರು.

ಇದರ ಸಹವಾಸವೇ ಬೇಡವೆಂದು ಮೇಷ್ಟರು ಹೊರಗೆ ಬಂದು ಆ ಸಾಮಾನನ್ನು ಕಸದ ಬುಟ್ಟಿಗೆ ಹಾಕಿದರು. ಹತ್ತೊಂಬತ್ತು ವರ್ಷದ ಒಡನಾಡಿಯನ್ನು ಹೀಗೆ ಎಸೆದು ಎರಡು ಸಲ ಹಿಂದಿರುಗಿ ನೋಡಿದರು. ಕಾಲು ಗಂಟೆಯಲ್ಲಿ ಕಸ ಗುಡಿಸುವ ಆಯಾ ಅದನ್ನು ಸೆರಗಿನಲ್ಲಿ ಒರೆಸಿಕೊಂಡು ಹೆಡ್‌ಮೇಡಂ ಎದುರಿಗೇ ತಂದುಕೊಟ್ಟಳು. “ಮೇಷ್ಟ್ರೇ, ನಿಮ್ಮದು ಬಿದ್ದೋಗಿತ್ತು. ಇದಿಲ್ದೆ ನಿಮಗೆ ಒಂದಿನಾನೂ ಆಗಲ್ಲ ಅಂತ ನಂಗೊತ್ತಿಲ್ವಾ?” ಒಳ್ಳೆಯ ಮನಸ್ಸಿನ ಹೆಂಗಸು, ಮೇಷ್ಟರು ಅವಳಿಗೆ ಥ್ಯಾಂಕ್ಸ್ ಹೇಳಲೇಬೇಕಾಯಿತು.

ಕೊನೆಗೆ ಹೆಡ್‌ಮೇಡಂ ಮೇಷ್ಟರ ಮೇಲಿನ ಕನಿಕರದಿಂದಲೇ ಅವರ ಹೆಂಡತಿಗೆ ಫೋನು ಮಾಡಿದರು. ಸುತ್ತಿ ಬಳಸಿ, ನಿಮ್ಮ ಯಜಮಾನರು ಸಿಗಾರ್ ಕಟರ್ ಇಟ್ಟುಕೊಂಡಿದ್ದಾರಲ್ಲ, ಸ್ಟೀಲಿಂದು, ನಿಮಗೆ ಗೊತ್ತೇ ಎಂದು ವಿಚಾರಿಸಿದರು. ಆಕೆಗೆ ಸ್ಟೀಲಿನದು ಎಂಬುದಷ್ಟೇ ತಿಳಿಯಿತು.

“ಅಯ್ಯೋ ಗೊತ್ತಿಲ್ದೆ ಏನು ಮೇಡಂ, ಮದುವೆಯಾದಾಗಿಂದ ಇದೆ. ಭಾನುವಾರ ನಾನೂ ಬಳಸ್ತೀನಿ. ಮಕ್ಕಳಿಗೂ ಅಭ್ಯಾಸ ಆಗಿದೆ,” ಎಂದರು ಆಕೆ. ಹೆಡ್‌ಮೇಡಂ ಫೋನಿಟ್ಟು ಒಂದು ಲೋಟ ನೀರು ಕುಡಿದರು.

ನಾಲ್ಕಕ್ಕೆ ಅಧ್ಯಕ್ಷರು ಬಂದರು. ಮಿತವ್ಯಯವೆಂದರೆ ಪ್ರಾಣ ಬಿಡುವ ಮನುಷ್ಯ, ಹಳೇ ಲಕೋಟೆಯ ಬೆನ್ನಿನ ಮೇಲೆ ಟಿಪ್ಪಣಿ ಬರೆದುಕೊಳ್ಳುವವರು. ಹೆಡ್‌ಮೇಡಂ ವಿಷಯವನ್ನೆಲ್ಲ ಪಿಸುಮಾತಿನಲ್ಲಿ ಹೇಳಿದ ಮೇಲೆ ಮೇಷ್ಟರನ್ನು ಕರೆಸಿದರು. ಮೇಜಿನ ಮೇಲೆ ಆ ಸಾಮಾನು ಕೊಲೆಯ ಕೇಸಿನ ಚಾಕುವಿನಂತೆ ಕುಳಿತಿತ್ತು. ಬಾಗಿಲಲ್ಲಿ ಸ್ಟಾಫ್ ಪೂರ್ತಿ ನೆರೆದಿತ್ತು.

ಮಾತಿನಲ್ಲಿ ಗೆಲ್ಲುವುದು ತಮ್ಮ ಹಣೆಯಲ್ಲಿ ಬರೆದಿಲ್ಲ ಎಂದು ಮೇಷ್ಟರಿಗೆ ಗೊತ್ತಿತ್ತು. ಮೆಟ್ಟಿಲ ಮೇಲೆ ಕಾಲು ಮಡಚಿ ಕುಳಿತ ಮಗಳು ಕಣ್ಣ ಮುಂದೆ ಬಂದಳು. ಮೇಷ್ಟರು ಗೋಡೆಯ ಮೇಲಿದ್ದ ಬೋರ್ಡಿನ ಬಳಿ ಹೋಗಿ ಇಡೀ ಸೀಮೆಸುಣ್ಣ ಎತ್ತಿಕೊಂಡು ಬರೆದರು. ಎಲ್ಲರ ಹಲ್ಲೂ ಜುಮ್ಮೆನ್ನುವಂತೆ ಅದು ಕಿರುಚಿತು, ಮುರಿಯಿತು, ಹಾರಿ ಅಧ್ಯಕ್ಷರ ಮಡಿಲಿಗೆ ಬಿತ್ತು. ಆಮೇಲೆ ಅವರು ಇನ್ನೊಂದನ್ನು ತೂತಿಗೆ ತೂರಿಸಿ ಕಟಕ್ಕೆಂದು ಕತ್ತರಿಸಿ, ಅರ್ಧ ತುಂಡಿನಲ್ಲಿ ಒಂದು ಇಡೀ ಪ್ರಮೇಯವನ್ನು ಸದ್ದಿಲ್ಲದೆ ಬರೆದು ಮುಗಿಸಿದರು.

“ಹತ್ತೊಂಬತ್ತು ವರ್ಷದಿಂದ ಇದಕ್ಕೇ ಸರ್. ಸಿಗಾರ್ ಅಂದ್ರೆ ಉದ್ದವೋ ಗಿಡ್ಡವೋ ನನಗೆ ತಿಳೀದು,” ಎಂದರು ಮೇಷ್ಟರು.

ಅಧ್ಯಕ್ಷರು ಎದ್ದು ಬಂದು ಅವರ ಕೈ ಹಿಡಿದುಕೊಂಡರು. ಅರ್ಧದಲ್ಲಿ ಪೂರ್ತಿಯ ಕೆಲಸ ತೆಗೆಯುವ ಇಂಥ ಮನುಷ್ಯ ನಮ್ಮಲ್ಲಿರುವುದು ಗೊತ್ತೇ ಇರಲಿಲ್ಲವಲ್ಲ ಎಂದು ಹೆಡ್‌ಮೇಡಂ ಕಡೆ ತಿರುಗಿ ಆಕ್ಷೇಪಿಸಿದರು. ಹೆಡ್‌ಮೇಡಂ ಕ್ಷಮೆ ಕೇಳಿದರು. ವಿಜ್ಞಾನದ ಟೀಚರು ತಮಗೆ ಮೊದಲಿಂದಲೂ ಮೇಷ್ಟರ ಮೇಲೆ ನಂಬಿಕೆಯಿತ್ತು ಎಂದರು. ವಾರ್ಡನ್ ಕೆಲಸ ಮೇಷ್ಟರಿಗೇ ಎಂದು ಅಧ್ಯಕ್ಷರು ಅಲ್ಲೇ ಘೋಷಿಸಿದರು. ಮೇಷ್ಟರ ಕಣ್ಣು ತುಂಬಿ ಬಂತು.

“ನಿಜ ಹೇಳ್ತೀನಿ ಮೇಷ್ಟ್ರೇ, ನಾನು ಇಕ್ಕಟ್ಟಿನಲ್ಲಿದ್ದೆ,” ಎಂದರು ಅಧ್ಯಕ್ಷರು. “ಆ ಮನೆ ಬೇಕು ಅಂತ ನಮ್ಮ ಡ್ರಾಯಿಂಗ್ ಮೇಷ್ಟ್ರೂ ಗುಟ್ಟಾಗಿ ಅರ್ಜಿ ಹಾಕಿದ್ರು. ಒಬ್ಬರಿಗೆ ಕೊಟ್ರೆ ಇನ್ನೊಬ್ಬರಿಗೆ ಬೇಜಾರು. ದಾರಿ ನೀವೇ ತೋರಿಸಿದ್ರಿ. ಇಡೀದಾದ್ರೆ ಕಿರುಚಾಟ, ಅರ್ಧ ಮಾಡಿದ್ರೆ ತಕರಾರೇ ಇಲ್ಲ.”

ಬೋರ್ಡಿನ ಮೇಲೆ ಮನೆಯ ನಕ್ಷೆ ಬರೆಸಲಾಯಿತು. ಎರಡು ಕೋಣೆಯ ನಡುವಿನ ಬಾಗಿಲು ಮುಚ್ಚಿ ಗೋಡೆ ಏಳುವ ಜಾಗಕ್ಕೆ ಗೆರೆ ಎಳೆಯಲು ಪಳಗಿದ ಕೈ ನಿಮ್ಮದೇ ಎಂದು ಅಧ್ಯಕ್ಷರು ಸೀಮೆಸುಣ್ಣವನ್ನು ಮೇಷ್ಟರಿಗೇ ಕೊಟ್ಟರು. ಹತ್ತೊಂಬತ್ತು ವರ್ಷ ಲೆಕ್ಕ ಕಲಿಸಿದವರಿಗೆ ಸೊಟ್ಟ ಗೆರೆ ಎಳೆಯಲು ಮನಸ್ಸು ಬರಲಿಲ್ಲ. ಗೆರೆ ಸರಿಯಾಗಿ ನಡುಮಧ್ಯದಲ್ಲೇ ಬಂತು. ಚಿತ್ರಕ್ಕೆ ಬೆಳಕು ಬೇಕೆಂದು ಡ್ರಾಯಿಂಗ್ ಮೇಷ್ಟರು ವಿನಯದಿಂದ ಕಿಟಕಿಯ ಕಡೆಯ ಕೋಣೆ ಕೇಳಿದರು, ಅದೂ ಮಂಜೂರಾಯಿತು. ವಾರ್ಡನ್ ಕೆಲಸವನ್ನು ಮಾತ್ರ ಹಂಚಲಿಲ್ಲ, ಇಬ್ಬರ ಕೈಗೆ ಕೊಟ್ಟರೆ ಜವಾಬ್ದಾರಿ ಕೆಡುತ್ತದಂತೆ.

ಮೇಷ್ಟರು ಮನೆಗೆ ಬಂದಾಗ ಮಗಳು ಮೆಟ್ಟಿಲಿನಿಂದ ಪುಸ್ತಕ ಸರಿಸಿ ದಾರಿ ಬಿಟ್ಟಳು. ಅವಳ ಮುಖ ನೋಡಲು ಅವರಿಗಾಗಲಿಲ್ಲ. ಮೇಲೆ ಹೆಂಡತಿ ಆಗಲೇ ಪಾತ್ರೆಗಳನ್ನು ಮೂಟೆ ಕಟ್ಟುತ್ತ ಕುಳಿತಿದ್ದರು.

“ರೀ, ಮನೆ ಸಿಕ್ತಾ?”

“ಸಿಕ್ತು ಕಣೇ. ಒಂದು ಕೋಣೆ.”

“ಇಲ್ಲಿರೋದೂ ಒಂದೇ ಅಲ್ವೇನ್ರೀ?”

“ಹೌದು,” ಎಂದು ಮೇಷ್ಟರು ಚಪ್ಪಲಿ ಬಿಟ್ಟು ಮೂಟೆಯ ಪಕ್ಕ ಕುಳಿತರು. “ಅಲ್ಲಾದ್ರೆ ಎಂಬತ್ತು ಹುಡುಗ್ರೂ ಸಿಗ್ತಾರೆ.”