ಕೌದಿ ಹೊದ್ದ ಟರ್ಬೊ

ನಮ್ಮ ಕಾಕಾನಿಗೆ ಇಬ್ಬರು ಹೆಂಡಿರು! ಇದನ್ನು ನಾನು ಹೇಳುತ್ತಿಲ್ಲ, ಗೋಕಾಕದಲ್ಲಿ ಅವನ ಓಣಿಯವರೇ ಹೇಳುತ್ತಾರೆ. ಒಬ್ಬಳು ನಮ್ಮ ಕಾಕೂ. ಇನ್ನೊಬ್ಬಳು ಬಾಗಿಲ ಮುಂದೆ ನಿಂತಿರುವ, ಎತ್ತರದ ಸೀಟಿನ ಹಳೆಯ ಟರ್ಬೊ ಡೀಸೆಲ್ ಗಾಡಿ. ಮುಂಜಾನೆಯ ವಿಭೂತಿ ಮೊದಲು ಅದರ ಬಾನೆಟ್ಟಿಗೆ, ಆಮೇಲೆ ತನ್ನ ಹಣೆಗೆ. ಸಂಜೆಯಾದರೆ ಅದಕ್ಕೆ ಹೊದಿಕೆ ಬೇರೆ! ಅದೂ ಎಂಥ ಹೊದಿಕೆ? ಕಾಕೂ ಹಳೆಯ ಸೀರೆಗಳನ್ನು ಜೋಡಿಸಿ ಹೊಲಿದ, ಮನೆಯ ಮಕ್ಕಳೆಲ್ಲ ಹೊದ್ದು ಬೆಳೆದ ಕೌದಿ.

"ಕಾಕಾ, ಕಬ್ಣಕ್ಕೂ ಥಂಡಿ ಹತ್ತತೈತೇನು?" ಎಂದು ಕೇಳಿದೆ.

"ಹತ್ತತೈತಲೇ! ಮುಂಜಾನೆ ಹೆಂಗ ನಡಗತೈತಿ, ನೋಡಿಲ್ಲೇನು?"

ನಡುಗುತ್ತಿದ್ದದ್ದು ನಿಜ. ತಣ್ಣಗಿದ್ದಾಗ ಚಾಲೂ ಮಾಡಿದರೆ ಓಣಿ ತುಂಬ ಬಿಳಿ ಹೊಗೆ, ಹತ್ತು ಮಾರಿಗೊಂದು ಜರ್ಕ್. ಒಮ್ಮೆ ಬಿಸಿಯಾಯಿತೋ, ಇದೇ ಗಾಡಿಯೇ ಎನ್ನುವಂತೆ ಸಿಳ್ಳೆ ಹಾಕುತ್ತ ಓಡುತ್ತಿತ್ತು.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಕಾಕೂಗೆ ಬೆನ್ನಿನ ಆಪರೇಶನ್ ಆಗಿತ್ತು. ದಿನಾ ಮುಂಜಾನೆ ವ್ಯಾಯಾಮಕ್ಕೆಂದು ಘಟಪ್ರಭಾದ ಆಸ್ಪತ್ರೆಗೆ ಹೋಗಬೇಕು. ತಗ್ಗು ಸೀಟಿನ ಕಾರುಗಳಲ್ಲಿ ಬಗ್ಗಿ ಕೂರಲು ಆಕೆಗೆ ಆಗದು. ಕೂರಲು ಆಗುವುದು ಇದೊಂದರಲ್ಲೇ. ಇದರ ಒಂದೊಂದು ಜರ್ಕಿಗೂ ಆಕೆ ಹಲ್ಲು ಕಚ್ಚುತ್ತಿದ್ದಳು. ಬೆಳಗಾವಿಯಲ್ಲಿರುವ ಮಗ ಬೇಸತ್ತು, ಗಾಡಿ ಮಾರಲು ಸಂಕೇಶ್ವರದ ಗಿರಾಕಿಯೊಬ್ಬನನ್ನು ಹುಡುಕಿಯೇ ಬಿಟ್ಟ. ಕಾಕಾನೂ ಹಟಕ್ಕೆ ಬಿದ್ದ. "ದಸರಾದೊಳಗ ರಿಪೇರಿ ಆಗಲಿಲ್ಲಂದ್ರ ನಾನs ಕೀಲಿ ಕೊಡ್ತೇನಿ!"

ಗಾಡಿ ಹುಕ್ಕೇರಿಯ ಮೆಕ್ಯಾನಿಕ್ ಹತ್ತಿರ ಹೋಯಿತು. ಹುಕ್ಕೇರಿ ಮುಟ್ಟುವಷ್ಟರಲ್ಲಿ ಇಂಜಿನ್ ಬಿಸಿಯಾಗಿ ರೋಗವೇ ಮಾಯ! ಆತ ಎರಡು ರೌಂಡ್ ಹೊಡೆದು ಬಂದು ಹೇಳಿದ: "ಗಾಡಿ ಏಕದಂ ಗಟ್ಟಿ ಐತ್ರಿ ಕಾಕಾರ. ನೀವs ಒಮ್ಮೆ ಡಾಕ್ಟರಿಗೆ ತೋರಿಸ್ಕೊಳ್ರಿ."

ರೋಗಿ ಹೋಗಿ ಕೆಲಸವಾಗದಿದ್ದರೆ ವೈದ್ಯನೇ ಬರಲಿ ಎಂದು ಮೂಡಲಗಿಯ ಮೆಕ್ಯಾನಿಕ್‌ನನ್ನು, ಮುಂಜಾನೆಯ ನಡುಕ ಕಣ್ಣಾರೆ ನೋಡಲೆಂದು ಹಿಂದಿನ ಸಂಜೆಯೇ ಮನೆಗೆ ಕರೆಸಲಾಯಿತು. ಬೀಗರು ಬಂದಂತೆ ಹೋಳಿಗೆ, ತುಪ್ಪದ ಉಪಚಾರ. ಮುಂಜಾನೆ ಆತ ಗಾಡಿ ಹತ್ತಿದರೆ, ಬೆಣ್ಣೆಯಂತೆ ಓಡುತ್ತಿದೆ! ಏಕೆಂದರೆ ಕಾಕಾ ಆಗಲೇ ಅದನ್ನು ಊರ ಸುತ್ತ ಓಡಿಸಿ ತಂದಿದ್ದ. ಕಾಕೂಗೆ ಜರ್ಕ್ ತಾಗಬಾರದೆಂದು ದಿನಾ ನಸುಕಿನಲ್ಲಿ ಎದ್ದು ಹಾಗೆ ಬಿಸಿ ಮಾಡಿ ತರುತ್ತಿದ್ದ. ರೂಢಿ ಎಲ್ಲಿ ಬಿಟ್ಟೀತು? ಅಷ್ಟು ಮಾಡಿದರೂ ಆಸ್ಪತ್ರೆಯಿಂದ ವಾಪಸ್ ಹೊರಡುವಷ್ಟರಲ್ಲಿ ಅದು ಮತ್ತೆ ತಣ್ಣಗಾಗಿ ಕಾಡುತ್ತಿತ್ತು, ಆ ಮಾತು ಬೇರೆ. "ಹೋಳಿಗಿ ಭಾಳ ಚೊಲೋ ಇದ್ದೂರಿ" ಎಂದು ಹೇಳಿ ಮೆಕ್ಯಾನಿಕ್ ಬಸ್ಸು ಹತ್ತಿದ.

ಇಷ್ಟಾದರೂ ಕಾಕಾನಿಗೆ ಒಂದು ಹೆಮ್ಮೆ. ಮುಂಜಾನೆ ಕೀಲಿ ತಿರುವಿದೊಡನೆ ಇಂಜಿನ್ನಿನ ಕಾವು ತೋರಿಸುವ ಮುಳ್ಳು ನಟ್ಟನಡುವೆ ಬಂದು ನಿಲ್ಲುತ್ತಿತ್ತು. "ನೋಡಲೇ, ಕೌದಿ ಹೊದ್ದು ಎಷ್ಟ ಬೆಚ್ಚಗ ಮಲಗೇತಿ!" ಎಂದು ಹೋದವರಿಗೂ ಬಂದವರಿಗೂ ತೋರಿಸುತ್ತಿದ್ದ. ನಾವೂ ನಂಬಿದ್ದೆವು!

ಮಹಾನವಮಿ ಹತ್ತಿರ ಬಂತು. ನಮ್ಮ ಕಡೆ ಆಗ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊಳೆಗೆ ಹೋಗಲೇಬೇಕು. ಹಬ್ಬಕ್ಕೆ ಬಂದಿದ್ದ ಸೊಸೆ ಗಾಡಿಯ ಕೌದಿಯನ್ನೂ ಗಂಟು ಕಟ್ಟಿ ಒಯ್ದಳು. ಅದು ಸಂಜೆಯಾದರೂ ಒಣಗಲಿಲ್ಲ. "ಗಾಡಿ ಬರೀ ಮೈಲೆ ಮಲಗಬೇಕೇನು?" ಎಂದು ಕಾಕಾ ಊಟವನ್ನೂ ಸರಿಯಾಗಿ ಮಾಡಲಿಲ್ಲ.

ಮರುದಿನ ಮುಂಜಾನೆ ಕೀಲಿ ತಿರುವಿದ. ಮುಳ್ಳು ಮತ್ತೆ ನಟ್ಟನಡುವೆ! ಕಾಕಾ ಒಂದು ಗಳಿಗೆ ಅದನ್ನೇ ನೋಡಿದ. ದಡಕ್ಕನೆ ಇಳಿದು, ಬಾನೆಟ್ಟು ಎತ್ತಿ ಇಂಜಿನ್ ಮೇಲೆ ಅಂಗೈ ಇಟ್ಟ. ಬಾವಿಯ ಕಲ್ಲಿನಷ್ಟು ತಣ್ಣಗಿತ್ತು.

"ಸುಳ್ಳ! ಮುಳ್ಳು ಸುಳ್ಳ ಹೇಳಾಕತ್ತೈತಿ!"

ಓಣಿಯೇ ಎದ್ದು ಬಂತು. ಕಾಕಾ ಕಟ್ಟೆಯ ಮೇಲೆ ನಿಂತು ಭಾಷಣ ಬಿಗಿದ: ಕಾವು ಅಳೆಯುವ ಸೆನ್ಸರ್ ಕೆಟ್ಟು, ತಣ್ಣಗಿರುವ ಇಂಜಿನ್ನನ್ನು ಬಿಸಿ ಇದೆ ಎನ್ನುತ್ತಿದೆ, ಅದನ್ನು ನಂಬಿ ಗಾಡಿ ಚಾಲೂ ಆಗುವ ಮೊದಲು ಇಂಜಿನ್ ಕಾಯಿಸುವ ತನ್ನ ಹೀಟರನ್ನೇ ಹಚ್ಚುತ್ತಿಲ್ಲ! ಹುಕ್ಕೇರಿಯ ಮೆಕ್ಯಾನಿಕ್‌ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡೇ ಬಂದ. ಆತ ಪರೀಕ್ಷಿಸಿ ಕೈ ಮುಗಿದ. "ಖರೆ ಐತ್ರಿ ಕಾಕಾರ. ನೀವು ಗೆದ್ರಿ." ಸಂಜೆಯೊಳಗೆ ಹೊಸ ಸೆನ್ಸರ್ ಕೂತಿತು.

ಮಾರನೆಯ ಮುಂಜಾನೆ ಗಾಡಿಯನ್ನು ಬಿಸಿ ಮಾಡದೆಯೇ ಕಾಕೂನನ್ನು ಕೂರಿಸಿದ. ಹಿಂದಿನ ಸೀಟಿನಲ್ಲಿ ನಾನು. ಮುಳ್ಳು ತಳದಲ್ಲೇ ಇತ್ತು. ಒಂದೇ ಏಟಿಗೆ ಚಾಲೂ! ಹೊಗೆಯಿಲ್ಲ, ನಡುಕವಿಲ್ಲ. ಓಣಿಯವರು ತೆಂಗಿನಕಾಯಿ ಒಡೆದರು. ಕಾಕಾ ಮಗನಿಗೆ ಫೋನ್ ಹಚ್ಚಿ ಕೂಗಿದ: "ಸಂಕೇಶ್ವರದಾಂವಗ ಎತ್ತಿನಗಾಡಿ ತಗೋ ಅಂತ ಹೇಳು!"

ದಾರಿಯುದ್ದಕ್ಕೂ ಅವನದೇ ಜಂಬ. ಕಾಕೂ ಮಾತ್ರ ಬಾಗಿಲ ಹಿಡಿಕೆಯನ್ನು ಬಿಗಿಯಾಗಿ ಹಿಡಿದು ಕುಳಿತಿದ್ದಳು. ಜರ್ಕ್ ಬರಲೇ ಇಲ್ಲ. ಘಟಪ್ರಭಾ ಹತ್ತಿರವಾದಾಗ ಮೆಲ್ಲಗೆ ಕೈ ಸಡಿಲಿಸಿ, ಅದನ್ನು ಕಾಕಾನ ತೋಳಿನ ಮೇಲಿಟ್ಟಳು.

"ನಾಳಿಂದ ಇನ್ನೊಂದು ತಾಸು ಮಲಕೊಳ್ರಿ. ನನ್ನ ಸಲುವಾಗಿ ನೀವು ಬೆಳತನಕ ನಿದ್ದಿ ಮಾಡಿ ಎಷ್ಟ ದಿನ ಆತು."

ಕಾಕಾ ಗಾಡಿಯನ್ನು ರಸ್ತೆಯ ಬಾಜೂ ನಿಲ್ಲಿಸಿ, ಕನ್ನಡಕ ತೆಗೆದು, ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಂಡ. "ನಿನಗ ನೋವಾಗಲಿಲ್ಲ ಹೌದಿಲ್ಲೋ?" ಎಂದು ಕೇಳಿದ. ಆಕೆ ಇಲ್ಲವೆಂದು ತಲೆಯಾಡಿಸಿದ ಮೇಲೆಯೇ ಗಾಡಿ ಮುಂದೆ ಹೋಯಿತು.