ಸಾಹೇಬ್ರ ಫೋಟೊ ಮತ್ತು ಐದು ನಿಮಿಷ

ನಿಲ್ರಿ ನಿಲ್ರಿ, ಚಹಾ ಆಮ್ಯಾಲ! ಈಗ, ಬರೇ ಅರ್ಧಾ ತಾಸಿನ ಹಿಂದ, ಇಲ್ಲೇ ಪುಣೆದ ಶಿವಾಜಿನಗರದಾಗ ನಂಗ ಆಗಿದ್ದು ಹೇಳಿದ್ರ ನೀವು ನಂಬಂಗೇ ಇಲ್ಲ. ಹಂಗ ನೋಡಿದ್ರ ನನ್ನ ಕೆಲಸದಾಗ ಇಂಥಾದ್ದು ದಿನಾ ಇದ್ದದ್ದ ಬಿಡ್ರಿ. ಸರ್ಕಾರದ ಆನ್‌ಲೈನ್ ಫಾರ್ಮು ಕಣ್ಣು ಕಾಣದವರಿಗೂ ತುಂಬಾಕ ಬರ್ತದೋ ಇಲ್ಲೋ, ಅದನ್ನ ನೋಡೋದು ನನ್ನ ಕೆಲಸ. ನೋಡಾಂವ ನಾನು, ತುಂಬಾವ್ರು ಕೊಂಢವಾ ಏರಿಯಾದ ಕಾಕಾ.

ಕಾಕಾಗ ಹುಟ್ಟಿದಾಗಿಂದ ಕಣ್ಣಿಲ್ಲ. ಹಾರ್ಡ್‌ವೇರ್ ಅಂಗಡಿ ಅದ, ಸ್ಕ್ರೂ ಮುಟ್ಟಿ ಅಳತಿ ಹೇಳ್ತಾರ. ಮೊಬೈಲು ಪರದೆ ಮ್ಯಾಲಿಂದೆಲ್ಲಾ ಓದಿ ಹೇಳ್ತದ, ಅವರು ಕೇಳಿ ಕೇಳಿ ತುಂಬ್ತಾರ. ಈ ಸಲ ಫಾರ್ಮೂ ಅವರದ: ರಿಯಾಯ್ತಿ ಬಸ್ ಪಾಸು. ಇಂದಾಪುರದ ಮಗಳಿಗೆ ಒಂಬತ್ತನೇ ತಿಂಗಳು, ವಾರಾ ವಾರಾ ಹೋಗಿಬರಬೇಕು. ಅರ್ಜಿಗೆ ಕಡೀ ದಿವಸ ಇವತ್ತ!

ಸಿಗ್ನಲ್

ಮೊದಲನೇ ದಿನಾನ ಫಾರ್ಮು ಕೇಳ್ತು, "ನೀವು ಮನುಷ್ಯರು ಅಂತ ತೋರಸ್ರಿ. ಸಿಗ್ನಲ್ ಇರೋ ಚಿತ್ರ ಆರಸ್ರಿ."

"ಇದೇನೋ ತಮ್ಮಾ?" ಅಂದ್ರು ಕಾಕಾ.

"ಮನುಷ್ಯರಿಗೆ ಸಿಗ್ನಲ್ ಕಾಣ್ತದಲ್ರಿ ಕಾಕಾ, ಅದಕ್ಕ."

"ಪುಣೆದಾಗ? ಹಂಗಾದ್ರ ಇಲ್ಲಿ ಸ್ಕೂಟರ್ ಹೊಡಿಯಾವ್ರು ಒಬ್ಬರೂ ಮನುಷ್ಯರಲ್ಲ ಬಿಡು!"

ಕೆಂಪು ಬಟನ್

ಅದನ್ನ ತೆಗಿಸಿದ್ವಿ. ಮುಂದಿನ ಪುಟದಾಗ ಬರೆದಿತ್ತು, "ದೃಷ್ಟಿ ಇಲ್ಲದವರು ಕೆಂಪು ಬಟನ್ ಒತ್ತಬೇಕು."

ನಾನು ಫಾರ್ಮು ಮಾಡಿದ ಹುಡುಗಿಗೆ ಫೋನ್ ಹಚ್ಚಿ ಜಗಳಾನ ತೆಗದೆ. "ಅವರಿಗೆ ಕೆಂಪು ಹೆಂಗ ಗೊತ್ತಾಗ್ಬೇಕ್ರೀ?"

"ಅಯ್ಯೋ, ಸಾರಿ ಸಾರಿ," ಅಂದ್ಲು ಪಾಪ. ಹತ್ತು ನಿಮಿಷಕ್ಕ ತಿರುಗಿ ಫೋನು. "ಹಸಿರು ಮಾಡೀನಿ ನೋಡ್ರಿ. ಕಣ್ಣಿಗೂ ತಂಪು!"

ಫೋಟೊ

ಅದೂ ಸರಿ ಆತು. ಆದ್ರ ಅಷ್ಟೊತ್ತಿಗೆ ಮೊದಲನೇ ಪುಟದಾಗ ಪಾಸ್ ಆಫೀಸಿನ ಸಾಹೇಬ್ರ ಫೋಟೊ ಬಂದಿತ್ತು. ಫೋಟೊದಾಗ ಏನದ ಅಂತ ಒಂದು ಸಾಲು ಬರೀರಿ, ಮೊಬೈಲು ಓದ್ತದ ಅಂತ ಅವರ ಕ್ಲರ್ಕಿಗೆ ನಾನ ಹೇಳಿದ್ದೆ. ಅಂವಾ, "ಸಾಹೇಬ್ರ ಹೆಸರು ಹಂಗ ಬರೇ ಬರಿಯಾಕಾಗ್ತದೇನ್ರಿ?" ಅಂತ ಪದವಿ, ಬಿರುದು, ಗಣಪತಿ ಹಬ್ಬದ ರಂಗೋಲಿ ಸ್ಪರ್ಧಾದ ತೀರ್ಪುಗಾರರು ಅನ್ನೋತನಾ ಬರದಾನ. ಓದಾಕ ನಾಕೂವರಿ ನಿಮಿಷ! ಫಾರ್ಮು ತುಂಬಾಕ ಕೊಟ್ಟ ಟೈಮು ಐದು ನಿಮಿಷ!

"ದಾಟಿಸಿ ಮುಂದ ಹೋಗ್ರಿ ಕಾಕಾ!"

"ಛೇ ಛೇ, ನಾಳೆ ಪಾಸಿಗೆ ಸಹಿ ಹಾಕಾವ್ರು ಅವರು. ನಡುವ ಬಾಯಿ ಮುಚ್ಚಿಸ್ಲೇನು?"

ಹನ್ನೊಂದು ಸಲ ಕೇಳಿದ್ರು. ಹನ್ನೊಂದು ಸಲಾನೂ ಫಾರ್ಮು ಮುಚ್ಚಿಕೊಂಡ್ತು.

ಇವತ್ತು

ಅದಕ್ಕ ಇವತ್ತ ಕಾಕಾನ್ನ ಕರ್ಕೊಂಡು ಸೀದಾ ಸಾಹೇಬ್ರ ಕಡೆನ ಹೋದೆ. ಬಿರುದು ಕಡಿಮಿ ಮಾಡ್ರಿ ಅಂತ ಅವರ ಮಾರಿಗೆ ಹೆಂಗ ಹೇಳ್ಬೇಕ್ರಿ? ನಾನಿನ್ನೂ ಮರಾಠಿದಾಗ ಮಾತು ಜೋಡಸಾಕ ಹತ್ತಿದ್ದೆ. ಅಷ್ಟೊತ್ತಿಗೆ ಕಾಕಾ ಕೈ ಮುಗಿದು ಶುರು ಮಾಡಿಬಿಟ್ರು, ಥೇಟ್ ಮೊಬೈಲಿನ ದನಿಯಾಗ!

"ಚಿತ್ರ. ಪರಮ ಆದರಣೀಯ, ಕರ್ತವ್ಯದಕ್ಷ, ಜನಸೇವಾತತ್ಪರ…"

ಒಂದೂ ಬಿಡಲಿಲ್ಲ! ಸಾಹೇಬ್ರು ಕುರ್ಚಿದಾಗ ಪೂರಿ ಉಬ್ಬಿದಂಗ ಉಬ್ಬಾಕ ಹತ್ತಿದ್ರು. ಬಾಗಿಲದಾಗ ಕ್ಲರ್ಕು ಕಣ್ಣು ಒರಸ್ಕೋತಾನ. ರಂಗೋಲಿ ತೀರ್ಪುಗಾರರ ತನಾ ಬಂದು, ಕಾಕಾ ಅದ ದನಿಯಾಗ ಮುಗಿಸಿದ್ರು, "ನಿಮ್ಮ ಸಮಯ ಮುಗಿದದ. ಮತ್ತ ಮೊದಲಿಂದ ಶುರು ಮಾಡ್ರಿ."

ಬಿರುದು ಓದೂದ್ರಾಗನ ಟೈಮು ಮುಗೀತದ ಅಂತ ನಾನು ಎಲ್ಲಾ ಬಿಡಿಸಿ ಹೇಳಿದೆ. ಸಾಹೇಬ್ರು ಫೋನ್ ಎತ್ತಿ, "ಟೈಮು ಹತ್ತು ನಿಮಿಷ ಮಾಡ್ರಿ, ಈಗಿಂದೀಗ!" ಅಂದ್ರು. ಕಾಕಾ ಅಲ್ಲೇ ಕೂತು, ಹನ್ನೆರಡನೇ ಸಲಾನೂ ಪೂರಾ ಕೇಳಿ, ತುಂಬಿ ಒತ್ತಿದ್ರು. "ಅರ್ಜಿ ಸ್ವೀಕಾರ ಆಗ್ಯದ!" ಅಂತು ಮೊಬೈಲು. ಕಾಕಾ ನನ್ನ ಬೆನ್ನು ಹೊಡದು, "ಮಗಳಿಗೆ ಫೋನ್ ಮಾಡ್ತೀನಿ ತಡಿ," ಅಂತ ಕೋಲು ಹಿಡಕೊಂಡು ಹೊರಗ ಹೋದ್ರು.

ನಾನೂ ಎದ್ದೆ. ಸಾಹೇಬ್ರು ಕೂಡಸಿದ್ರು. ಡ್ರಾವರಿನಿಂದ ಎರಡು ಹಾಳಿ ತೆಗದು ನನ್ನ ಕೈಯಾಗಿಟ್ರು, ಎರಡೂ ಕಡೆ ಬರದದ್ದು.

"ಈ ಬಿರುದು ಬಿಟ್ಟು ಹೋಗ್ಯಾವ. ಹೆಂಗೂ ಈಗ ಐದು ನಿಮಿಷ ಹೆಚ್ಚಿಗಿ ಸಿಕ್ಕದಲ್ಲಾ, ಸೇರಿಸಿಬಿಡು!"

ನೋಡ್ರಿ, ಇಲ್ಲೇ ಕಿಸೆದಾಗ ಅದಾವ. ಖರೇ ಹೇಳ್ರಿ, ನನ್ನ ಜಾಗಾದಾಗ ನೀವಿದ್ದಿದ್ರ ಏನ್ ಮಾಡ್ತಿದ್ರಿ?